ಇಳಿಜಾರಿನ ಲೆಕ್ಕ: ಘಟ್ಟದ ಎಕ್ಸ್‌ಪ್ರೆಸ್‌ವೇಯಲ್ಲಿ ವೇಗಮಿತಿಯ ಪ್ರಶ್ನೆ

ಘಟ್ಟವನ್ನು ಹತ್ತಿ ಇಳಿಯುವ ಎಕ್ಸ್‌ಪ್ರೆಸ್‌ವೇಯಲ್ಲಿ ವಾಹನಗಳ ವೇಗಕ್ಕೆ ಮಿತಿ ಎಲ್ಲಿರಬೇಕು, ಅದನ್ನು ಯಾವ ಆಧಾರದ ಮೇಲೆ ಗೊತ್ತುಮಾಡಬೇಕು, ಗೊತ್ತುಮಾಡಿದ ಮಿತಿಯನ್ನು ಚಾಲಕರು ಪಾಲಿಸುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗಳು ಮೇಲ್ನೋಟಕ್ಕೆ ಆಡಳಿತದ ಸಣ್ಣ ಸಂಗತಿಗಳಂತೆ ಕಾಣುತ್ತವೆ. ಆದರೆ ಭೌತವಿಜ್ಞಾನ, ರಸ್ತೆ ಎಂಜಿನಿಯರಿಂಗ್, ಮನೋವಿಜ್ಞಾನ, ಅರ್ಥಶಾಸ್ತ್ರ ಮತ್ತು ಕಾನೂನು ಇವೆಲ್ಲವೂ ತಮ್ಮ ತಮ್ಮ ಉತ್ತರಗಳೊಂದಿಗೆ ಈ ಪ್ರಶ್ನೆಗಳ ಸುತ್ತ ನೂರೈವತ್ತು ವರ್ಷಗಳಿಂದ ವಾದಿಸುತ್ತ ಬಂದಿವೆ. ಈ ವಾದಗಳಲ್ಲಿ ಹೆಚ್ಚಿನವು ಬಯಲು ಸೀಮೆಯ ರಸ್ತೆಗಳನ್ನು, ಅದರಲ್ಲೂ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಆದ್ದರಿಂದ ಅವುಗಳನ್ನು ಘಟ್ಟಕ್ಕೆ ಅನ್ವಯಿಸುವಾಗ ಯಾವ ಭಾಗ ಉಳಿಯುತ್ತದೆ, ಯಾವ ಭಾಗ ಕಳಚಿ ಬೀಳುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಸಹ್ಯಾದ್ರಿಯನ್ನು ದಾಟುವ ಭೋರ್ ಘಾಟ್ ಈ ಪರಿಶೀಲನೆಗೆ ಭಾರತದಲ್ಲಿ ದೊರಕುವ ಅತ್ಯುತ್ತಮ ನಿದರ್ಶನ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೊರಟು ಮುಂಬಯಿಯ ಬಂದರುಗಳತ್ತ ಸಾಗುವ ಸರಕು ಪುಣೆ ದಾಟಿದ ಮೇಲೆ ಸಹ್ಯಾದ್ರಿಯನ್ನು ಇಳಿಯಬೇಕಾದದ್ದು ಈ ಘಟ್ಟದಲ್ಲಿಯೇ ಆದ್ದರಿಂದ, ಇಲ್ಲಿನ ಪ್ರಶ್ನೆ ಕನ್ನಡ ನಾಡಿನ ಚಾಲಕರಿಗೂ ಹೊರಗಿನದಲ್ಲ.

ಭೋರ್ ಘಾಟ್: ಹಳಿಯಿಂದ ಕಾಂಕ್ರೀಟಿನವರೆಗೆ

ದಖ್ಖಣದ ಪ್ರಸ್ಥಭೂಮಿ ಕೊಂಕಣಕ್ಕೆ ಕಡಿದಾಗಿ ಇಳಿಯುವ ಈ ಜಾಗದಲ್ಲಿ ಗಾಡಿಗಳು ಓಡಾಡುವಂಥ ರಸ್ತೆ 1830ರಲ್ಲಿ, ಬಾಂಬೆಯ ಗವರ್ನರ್ ಸರ್ ಜಾನ್ ಮಾಲ್ಕಮ್ ಅವರ ಕಾಲದಲ್ಲಿ ತೆರೆಯಿತು. ಅದೇ ಘಟ್ಟದಲ್ಲಿ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ಅವರ ಯೋಜನೆಯಂತೆ ಕಟ್ಟಿದ ರೈಲುಮಾರ್ಗ 1863ರಲ್ಲಿ ಸಂಚಾರಕ್ಕೆ ತೆರೆದಾಗ, 37 ಅಡಿಗೆ 1 ಅಡಿಯಷ್ಟು ಕಡಿದಾದ ಇಳಿಜಾರಿನಲ್ಲಿ ಗಾಡಿಯನ್ನು ಹತೋಟಿಯಲ್ಲಿಡುವುದು ಹೇಗೆ ಎಂಬ ಪ್ರಶ್ನೆ ರೈಲ್ವೆಯ ಮುಂದೆ ನಿಂತಿತು. ಅದಕ್ಕೆ ರೈಲ್ವೆ ಕಂಡುಕೊಂಡ ಉತ್ತರಗಳಲ್ಲಿ ಮುಖ್ಯವಾದದ್ದು ಕ್ಯಾಚ್ ಸೈಡಿಂಗ್, ಎಂದರೆ ಮುಖ್ಯ ಹಳಿಯಿಂದ ಕವಲೊಡೆದು ದಿಣ್ಣೆಯ ಕಡೆಗೆ ಏರಿ ಕೊನೆಗೊಳ್ಳುವ ಪಕ್ಕದ ಹಳಿ. ಇಳಿಯುವ ಗಾಡಿಗೆ ಹಳಿಯ ಜೋಡಣೆ ಸಾಮಾನ್ಯವಾಗಿ ಈ ಕವಲಿನ ಕಡೆಗೇ ಇರುತ್ತದೆ, ಮತ್ತು ಗಾಡಿ ತಾನು ಹತೋಟಿಯಲ್ಲಿರುವುದನ್ನು ನಿಂತು ತೋರಿಸಿದ ಮೇಲೆಯೇ ಅದಕ್ಕೆ ಮುಖ್ಯ ಹಳಿ ದೊರಕುತ್ತದೆ. ಬ್ರೇಕು ಕೈಕೊಡಬಹುದು ಎಂಬ ಎಣಿಕೆಯ ಮೇಲೆ ಕಟ್ಟಿದ ವ್ಯವಸ್ಥೆ ಇದು.

ರಸ್ತೆಯ ಕಥೆ ಬೇರೆ ದಾರಿ ಹಿಡಿಯಿತು. ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮ ನಿರ್ಮಿಸಿ 2002ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ಬಿಟ್ಟುಕೊಟ್ಟ, ಯಶವಂತರಾವ್ ಚವಾಣ್ ಅವರ ಹೆಸರು ಹೊತ್ತ ಸುಮಾರು 94.5 ಕಿ.ಮೀ. ಉದ್ದದ ಆರು ಲೇನ್‌ಗಳ ಕಾಂಕ್ರೀಟ್ ರಸ್ತೆ, ಎಲ್ಲೆಂದರಲ್ಲಿ ಒಳನುಗ್ಗಲು ಅವಕಾಶವಿಲ್ಲದ, ನಿಗದಿತ ಜಾಗಗಳಲ್ಲಿ ಮಾತ್ರ ಹತ್ತಿ ಇಳಿಯಬಹುದಾದ ದೇಶದ ಮೊದಲ ಎಕ್ಸ್‌ಪ್ರೆಸ್‌ವೇ. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ. ಕಲಂಬೋಲಿಯಿಂದ ಖೋಪೋಲಿಯವರೆಗೆ ಕೊಂಕಣದ ತಗ್ಗು, ಲೋಣಾವಳದಿಂದ ಪುಣೆಯ ಕಡೆಗೆ ಮಾವಳದ ಬಯಲು. ಇವೆರಡರ ನಡುವೆ ಐನೂರು ಮೀಟರಿಗೂ ಹೆಚ್ಚಿನ ಏರಿಳಿತವನ್ನು ಕೆಲವೇ ಕಿಲೋಮೀಟರುಗಳಲ್ಲಿ ಮುಗಿಸುವ ಘಟ್ಟದ ಭಾಗ. ಈ ಭಾಗದಲ್ಲಿ ಎಕ್ಸ್‌ಪ್ರೆಸ್‌ವೇ ಹಳೆಯ ಹೆದ್ದಾರಿಯ ಸಂಚಾರವನ್ನೂ ತನ್ನೊಳಗೆ ಸೇರಿಸಿಕೊಂಡಿತು. ಹೀಗಾಗಿ ವೇಗಕ್ಕೆಂದೇ ಕಟ್ಟಿದ ರಸ್ತೆಯ ಅತ್ಯಂತ ಕಡಿದಾದ ತುಂಡೇ ಅದರ ಅತ್ಯಂತ ಜನನಿಬಿಡ ತುಂಡೂ ಆಯಿತು.

ವೇಗಮಿತಿಯ ಕಾನೂನು ಬೆಳೆದ ಬಗೆ

ವೇಗಕ್ಕೆ ಕಾನೂನಿನ ಮಿತಿ ಹಾಕುವ ಆಲೋಚನೆ ಪೆಟ್ರೋಲ್ ಕಾರಿಗಿಂತ ಹಳೆಯದು. ಇಂಗ್ಲೆಂಡಿನ 1865ರ ಕಾಯ್ದೆ ಉಗಿಬಂಡಿಗಳಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಪಟ್ಟಣಗಳಲ್ಲಿ 2 ಮೈಲಿಯ ಮಿತಿ ವಿಧಿಸಿತ್ತು. 1903ರಲ್ಲಿ 20 ಮೈಲಿಗೆ ಏರಿದ್ದ ಮಿತಿಯನ್ನು ಕಾರುಗಳ ಮಟ್ಟಿಗೆ 1930ರಲ್ಲಿ ಪೂರ್ತಿ ತೆಗೆದುಹಾಕಲಾಯಿತು. ಸಾವುಗಳ ಸಂಖ್ಯೆ ಕಂಡು 1934ರ ಕಾಯ್ದೆಯ ಮೂಲಕ ಜನವಸತಿಯ ಪ್ರದೇಶಗಳಿಗೆ 30 ಮೈಲಿಯ ಮಿತಿಯನ್ನು ಮತ್ತೆ ತರಬೇಕಾಯಿತು. ಅಮೆರಿಕ 1974ರಲ್ಲಿ ತೈಲದ ಅಭಾವವನ್ನು ಎದುರಿಸಲು ದೇಶಕ್ಕೆಲ್ಲ 55 ಮೈಲಿಯ ಮಿತಿ ತಂದು 1995ರಲ್ಲಿ ಕೈಬಿಟ್ಟಿತು. ಉಳಿತಾಯಕ್ಕೆಂದು ಬಂದ ಆ ಮಿತಿ ಸುರಕ್ಷತೆಯ ಚರ್ಚೆಗೆ ಹೇರಳ ಸಾಮಗ್ರಿಯನ್ನು ಬಿಟ್ಟುಹೋಯಿತು.

ಭಾರತದಲ್ಲಿ 1988ರ ಮೋಟಾರು ವಾಹನಗಳ ಕಾಯ್ದೆಯ 112ನೆಯ ಕಲಮು ಗರಿಷ್ಠ ವೇಗವನ್ನು ಗೊತ್ತುಮಾಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆ, ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಅದನ್ನು ಇಳಿಸಲು ರಾಜ್ಯಗಳಿಗೆ ಅವಕಾಶ ಬಿಡುತ್ತದೆ. ಕೇಂದ್ರ ಸರ್ಕಾರ 2018ರ ಏಪ್ರಿಲಿನಲ್ಲಿ ಹೊರಡಿಸಿದ ಅಧಿಸೂಚನೆ ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರುಗಳಿಗೆ ಗಂಟೆಗೆ 120 ಕಿ.ಮೀ., ಬಸ್ಸಿನಂಥ ಪ್ರಯಾಣಿಕ ವಾಹನಗಳಿಗೆ 100, ಸರಕು ವಾಹನಗಳಿಗೆ 80ರ ಮಿತಿಯನ್ನು ಸೂಚಿಸಿತು. ಅಪಘಾತಗಳಿಗೆ ಅತಿವೇಗವೇ ಮುಖ್ಯ ಕಾರಣವಾಗಿರುವಾಗ ಮಿತಿಯನ್ನು ಏರಿಸುವುದು ಸರಿಯಲ್ಲವೆಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಈ ಅಧಿಸೂಚನೆಯನ್ನು ರದ್ದುಪಡಿಸಿತು. ರಸ್ತೆಗಳೂ ವಾಹನಗಳೂ ಸುಧಾರಿಸಿವೆ ಎಂಬ ಸರ್ಕಾರದ ವಾದವನ್ನು, ಅವುಗಳನ್ನು ನಡೆಸುವ ಮನುಷ್ಯನ ಶಕ್ತಿ ಹಾಗೆಯೇ ಇದೆ ಎಂಬ ಪ್ರತಿವಾದ ಎದುರಿಸಿದ ಪ್ರಕರಣ ಇದು. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಬಹುಕಾಲ ಬಯಲಿನ ಭಾಗಕ್ಕೆ 80, ಘಟ್ಟಕ್ಕೆ 50 ಕಿ.ಮೀ. ಮಿತಿಯಿದ್ದು, ಮುಂದೆ ಕಾರುಗಳಿಗೆ ಬಯಲಿನಲ್ಲಿ 100, ಘಟ್ಟದಲ್ಲಿ 60 ಎಂದಾಯಿತು. ಭಾರಿ ವಾಹನಗಳಿಗೆ ಘಟ್ಟದಲ್ಲಿ ಇದಕ್ಕಿಂತ ಕಡಿಮೆ ಮಿತಿಯನ್ನೇ ಇಟ್ಟುಕೊಂಡು ಬರಲಾಗಿದೆ.

ಮೊದಲ ಪಂಥ: ವೇಗವೇ ಮೂಲ

ಅಪಘಾತ ಸಂಭವಿಸುವುದಕ್ಕೂ ಅದರ ಭೀಕರತೆಗೂ ವೇಗವೇ ಮೂಲ ಕಾರಣ ಎನ್ನುವ ಪಂಥದ ಬಲವಾದ ಆಧಾರ ಸ್ವೀಡನ್ನಿನ ಗೋರಾನ್ ನಿಲ್ಸನ್ ರೂಪಿಸಿದ ಘಾತ ಮಾದರಿ. ರಸ್ತೆಯೊಂದರ ಸರಾಸರಿ ವೇಗ ಬದಲಾದಾಗ ಗಾಯಗಳಾಗುವ ಅಪಘಾತಗಳು ವೇಗದ ವರ್ಗಕ್ಕೆ, ತೀವ್ರ ಗಾಯದ ಅಪಘಾತಗಳು ಘನಕ್ಕೆ, ಸಾವಿನ ಅಪಘಾತಗಳು ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಬದಲಾಗುತ್ತವೆ ಎಂಬುದು ಇದರ ತಿರುಳು. ಇದರಂತೆ ಸರಾಸರಿ ವೇಗ ಶೇ. 5ರಷ್ಟು ಏರಿದರೆ ಸಾವಿನ ಅಪಘಾತಗಳು ಸುಮಾರು ಶೇ. 22ರಷ್ಟು ಏರುತ್ತವೆ. ನಾರ್ವೆಯ ರೂನೆ ಎಲ್ವಿಕ್ ಮೊದಲಾದವರು ಘಾತಾಂಕಗಳನ್ನು ರಸ್ತೆಯ ಬಗೆಗೆ ತಕ್ಕಂತೆ ತಿದ್ದಿದರೂ ದಿಕ್ಕು ಬದಲಾಗಿಲ್ಲ. ಅಡಿಲೇಡ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನ, 60 ಕಿ.ಮೀ. ಮಿತಿಯ ನಗರ ರಸ್ತೆಗಳಲ್ಲಿ ಪ್ರತಿ 5 ಕಿ.ಮೀ. ಹೆಚ್ಚಳಕ್ಕೆ ಗಾಯದ ಅಪಘಾತಕ್ಕೆ ಸಿಲುಕುವ ಅಪಾಯ ಸರಿಸುಮಾರು ಇಮ್ಮಡಿಸುತ್ತದೆ ಎಂದು ಕಂಡುಕೊಂಡಿತು.

ಈ ಪಂಥದ ವಾದ ಘಟ್ಟದಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಪಾಯ ಕಣ್ಣಿಗೆ ಬಿದ್ದ ಕ್ಷಣದಿಂದ ವಾಹನ ಪೂರ್ತಿ ನಿಲ್ಲುವವರೆಗೆ ಸಾಗುವ ದೂರವನ್ನು ನಿಲುಗಡೆ ದೂರ ಎನ್ನುತ್ತಾರೆ. ಚಾಲಕನ ಪ್ರತಿಕ್ರಿಯೆಗೆ ಎರಡೂವರೆ ಸೆಕೆಂಡು, ಟೈರು ಮತ್ತು ರಸ್ತೆಯ ನಡುವಣ ಘರ್ಷಣಾಂಕ 0.35 ಎಂದು ಹಿಡಿದರೆ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದ ವಾಹನಕ್ಕೆ ಸುಮಾರು 82 ಮೀಟರ್, 100 ಕಿ.ಮೀ. ವೇಗದ ವಾಹನಕ್ಕೆ ಸುಮಾರು 182 ಮೀಟರ್ ಬೇಕು. ನೂರು ಮೀಟರಿಗೆ ಐದು ಮೀಟರ್ ಇಳಿಯುವ ರಸ್ತೆಯಲ್ಲಿ ಮೊದಲನೆಯದಕ್ಕೆ 7 ಮೀಟರ್ ಕೂಡಿಕೊಂಡರೆ ಎರಡನೆಯದಕ್ಕೆ 19 ಮೀಟರ್ ಕೂಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಭೋರ್ ಘಾಟಿನ ಖಂಡಾಳದ ಬಳಿ ರಸ್ತೆ ತೊಯ್ದು ಘರ್ಷಣೆ ಇಳಿದಾಗ, ಮಂಜು ಕವಿದು ಮುಂದಿನ ನೂರು ಮೀಟರ್ ಕಾಣದಾದಾಗ, ಫಲಕದ ಮೇಲೆ ಬರೆದ ಮಿತಿಯೂ ಸುರಕ್ಷಿತವಲ್ಲ ಎಂಬುದು ಈ ಲೆಕ್ಕದಿಂದಲೇ ಹೊರಡುವ ತೀರ್ಮಾನ.

ಆದರೂ ಒಂದು ಎಚ್ಚರಿಕೆ ಅಗತ್ಯ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿಯ ಸಾವು ಅತಿವೇಗದ ಖಾತೆಗೆ ಸೇರಿದೆ. ಈ ವರ್ಗೀಕರಣಕ್ಕೆ ಪೊಲೀಸ್ ದಾಖಲೆಯೇ ಆಧಾರ. ಅಪಘಾತದ ಜಾಗವನ್ನು ಅಳೆದು, ವಾಹನದ ಜಖಂ ಪರೀಕ್ಷಿಸಿ ವೇಗವನ್ನು ಲೆಕ್ಕಹಾಕುವ ಪದ್ಧತಿ ಎಲ್ಲೆಡೆ ಇಲ್ಲದಿರುವಾಗ, ನಿದ್ದೆ, ಬ್ರೇಕಿನ ವೈಫಲ್ಯ, ರಸ್ತೆಬದಿಯ ತಡೆಗೋಡೆಯ ದೋಷ ಇವೆಲ್ಲ ಅತಿವೇಗ ಎಂಬ ಒಂದೇ ಕಲಮಿನಡಿ ಸೇರಿಹೋಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಎರಡನೆಯ ಪಂಥ: ವೇಗಗಳ ನಡುವಣ ಅಂತರ

ಅಮೆರಿಕದ ಡೇವಿಡ್ ಸಾಲೊಮನ್ 1964ರಲ್ಲಿ ಪ್ರಕಟಿಸಿದ ಅಧ್ಯಯನವು ಗ್ರಾಮಾಂತರ ಹೆದ್ದಾರಿಗಳ ಸರಾಸರಿ ವೇಗಕ್ಕಿಂತ ತುಂಬ ಹೆಚ್ಚು ವೇಗದಲ್ಲಿ ಹೋಗುವವರಂತೆಯೇ ತುಂಬ ಕಡಿಮೆ ವೇಗದಲ್ಲಿ ಹೋಗುವವರೂ ಅಪಘಾತಕ್ಕೆ ಹೆಚ್ಚಾಗಿ ಸಿಲುಕುತ್ತಾರೆ ಎಂದು ತೋರಿಸಿತು. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಲೇವ್ 1985ರಲ್ಲಿ ಇದನ್ನು ಮುಂದುವರಿಸಿ, ಅಪಾಯಕಾರಿಯಾದದ್ದು ವೇಗವಲ್ಲ, ಒಂದೇ ರಸ್ತೆಯ ವಾಹನಗಳ ವೇಗಗಳ ನಡುವಣ ಅಂತರ ಎಂದು ವಾದಿಸಿದರು. ಶೇ. 85ರಷ್ಟು ಚಾಲಕರು ಯಾವ ವೇಗದೊಳಗೆ ಹೋಗುತ್ತಾರೋ ಅದನ್ನೇ ಮಿತಿಯಾಗಿ ಇಡಬೇಕು ಎಂಬ, ಅಮೆರಿಕದಲ್ಲಿ ಬಹುಕಾಲ ನಡೆದುಬಂದ ಕಟ್ಟಳೆಗೆ ಈ ವಾದ ಬೆಂಬಲ ಕೊಟ್ಟಿತು. ಮುಖ್ಯರಸ್ತೆಯಿಂದ ತಿರುಗಲು, ನಿಲ್ಲಲು ನಿಧಾನಿಸಿದವರನ್ನೂ ನಿಧಾನ ಚಾಲಕರ ಲೆಕ್ಕಕ್ಕೆ ಸೇರಿಸಿದ್ದರಿಂದ ಸಾಲೊಮನ್ನರ ಫಲಿತಾಂಶ ವಾಲಿದೆ ಎಂಬ ಆಕ್ಷೇಪ ಮುಂದೆ ಬಂದಿತು, ಮತ್ತು ಅಡಿಲೇಡ್ ಅಧ್ಯಯನಕ್ಕೆ ನಿಧಾನ ಚಾಲಕರಲ್ಲಿ ಹೆಚ್ಚಿನ ಅಪಾಯ ಕಾಣಲಿಲ್ಲ.

ಬಯಲಿನ ಮಟ್ಟಿಗೆ ಸೊರಗಿದ ಈ ವಾದ ಘಟ್ಟದಲ್ಲಿ ಮತ್ತೆ ಜೀವ ಪಡೆಯುತ್ತದೆ. ಭೋರ್ ಘಾಟ್ ಏರುವ ತುಂಬಿದ ಲಾರಿ ಮೊದಲ ಎರಡು ಗೇರುಗಳಲ್ಲಿ ಏದುತ್ತ ಸಾಗುವಾಗ ಪಕ್ಕದ ಲೇನ್‌ನಲ್ಲಿ ಕಾರುಗಳು ಅದರ ಹಲವು ಪಟ್ಟು ವೇಗದಲ್ಲಿ ಹಾದುಹೋಗುತ್ತವೆ. ಇನ್ನೊಂದು ನಿಧಾನದ ಲಾರಿಯನ್ನು ಹಿಂದಿಕ್ಕಲೆಂದು ಆ ಲಾರಿ ಬಲಕ್ಕೆ ಸರಿದರೆ ಹಿಂದಿನ ಕಾರಿಗೆ ತೀರ ಕಡಿಮೆ ಸಮಯ ಸಿಗುತ್ತದೆ. ಭಾರಿ ವಾಹನಗಳು ಎಡ ಲೇನ್ ಬಿಡಬಾರದೆಂಬ ನಿಯಮಕ್ಕೆ ಇಲ್ಲಿ ವೇಗಮಿತಿಯಷ್ಟೇ ಮಹತ್ವ ಬರುವುದು ಈ ಕಾರಣಕ್ಕೆ. ಆದರೆ ಕಾರಿಗೊಂದು, ಲಾರಿಗೊಂದು ಮಿತಿ ಇಡುವುದೇ ವೇಗಗಳ ಅಂತರವನ್ನು ಕಾನೂನಿನ ಮೂಲಕ ಹುಟ್ಟಿಸಿದಂತೆ ಅಲ್ಲವೇ ಎಂಬ ಪ್ರಶ್ನೆಗೆ ಈ ಪಂಥದೊಳಗೇ ಒಮ್ಮತವಿಲ್ಲ. ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಪರ್ತ್‌ನಿಂದ ಇನ್ವರ್ನೆಸ್‌ಗೆ ಹೋಗುವ ಎ9 ರಸ್ತೆಯಲ್ಲಿ 2014ರಲ್ಲಿ ಒಂದೆಡೆ ಸರಾಸರಿ ವೇಗ ಅಳೆಯುವ ಕ್ಯಾಮೆರಾಗಳನ್ನು ಹಾಕಿ, ಇನ್ನೊಂದೆಡೆ ಲಾರಿಗಳ ಮಿತಿಯನ್ನು 40ರಿಂದ 50 ಮೈಲಿಗೆ ಏರಿಸಿ ಅಂತರವನ್ನು ಕುಗ್ಗಿಸಲಾಯಿತು. ಸಾವುನೋವು ಇಳಿದದ್ದು ದಾಖಲಾದರೂ, ಎರಡು ಕ್ರಮಗಳನ್ನು ಒಟ್ಟಿಗೆ ಕೈಗೊಂಡದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟವಾಗಿದೆ.

ಮೂರನೆಯ ಪಂಥ: ರಸ್ತೆಯ ರೂಪ

ಚಾಲಕ ತನ್ನ ವೇಗವನ್ನು ಆರಿಸಿಕೊಳ್ಳುವುದು ಫಲಕ ನೋಡಿ ಅಲ್ಲ, ರಸ್ತೆ ನೋಡಿ ಎಂಬುದು ವಿನ್ಯಾಸ ಪಂಥದ ನಂಬಿಕೆ. ನೋಡಿದೊಡನೆ ಎಷ್ಟು ವೇಗದಲ್ಲಿ ಹೋಗಬೇಕೆಂದು ತಾನೇ ತಿಳಿಸಿಕೊಡುವ ರಸ್ತೆಯನ್ನು ಡಚ್ ಸಂಶೋಧಕರು 1990ರ ದಶಕದಲ್ಲಿ ಸ್ವಯಂವಿವರಣೆಯ ರಸ್ತೆ ಎಂಬ ಅರ್ಥದ ಹೆಸರಿನಿಂದ ಕರೆದರು. ಜರ್ಮನಿಯ ರೂಡಿಗರ್ ಲಾಮ್ ಇದನ್ನು ಅಳತೆಗೆ ಇಳಿಸಿ, ರಸ್ತೆಯ ಒಂದು ತುಂಡಿನಿಂದ ಮುಂದಿನ ತುಂಡಿಗೆ ಹೋಗುವಾಗ ವಾಹನಗಳ ನಿಜವಾದ ವೇಗದಲ್ಲಿ 10 ಕಿ.ಮೀ.ಗಿಂತ ಕಡಿಮೆ ಬದಲಾವಣೆಯಾದರೆ ವಿನ್ಯಾಸ ಒಳ್ಳೆಯದು, 20ಕ್ಕಿಂತ ಹೆಚ್ಚಾದರೆ ಕಳಪೆ ಎಂಬ ಮಾನದಂಡ ಕೊಟ್ಟರು. ಎರಡು ಲೇನ್‌ಗಳ ಹಳ್ಳಿಗಾಡಿನ ರಸ್ತೆಗಳಿಗಾಗಿ ರೂಪುಗೊಂಡ ಈ ಮಾನದಂಡವನ್ನು ಎಕ್ಸ್‌ಪ್ರೆಸ್‌ವೇಗೆ ಹಾಗೆಯೇ ಅಂಟಿಸಲಾಗದಿದ್ದರೂ, ಅದರ ಹಿಂದಿನ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ. ಪುಣೆಯಿಂದ ಹೊರಟು 100 ಕಿ.ಮೀ. ವೇಗದಲ್ಲಿ ಲೋಣಾವಳ ದಾಟುವ ಕಾರು ಘಟ್ಟದ ಬಾಯಿಯಲ್ಲಿ ಒಮ್ಮೆಲೇ 60ಕ್ಕೆ ಇಳಿಯಬೇಕು. ಬಹಳ ಹೊತ್ತು ಒಂದೇ ವೇಗದಲ್ಲಿ ಸಾಗಿದ ಮನಸ್ಸು ಆ ವೇಗಕ್ಕೆ ಒಗ್ಗಿಹೋಗಿ, 60ಕ್ಕೆ ಇಳಿಸಿದಾಗ ಗಾಡಿ ತೆವಳುತ್ತಿದೆ ಎಂಬ ಭಾವನೆಯನ್ನು ಹುಟ್ಟಿಸುತ್ತದೆ. ಅಲ್ಲಿಯೂ ರಸ್ತೆ ಅಷ್ಟೇ ಅಗಲವಾಗಿ, ಅದೇ ಕಾಂಕ್ರೀಟಿನ ನುಣುಪಿನಲ್ಲಿ ಮುಂದುವರಿದರೆ ಇಲ್ಲಿ ನಿಧಾನಿಸಬೇಕು ಎಂಬ ಸೂಚನೆ ಕಣ್ಣಿಗೆ ತಲುಪುವುದೇ ಇಲ್ಲ.

ಸ್ವೀಡನ್ನಿನ ಸಂಸತ್ತು 1997ರಲ್ಲಿ ಒಪ್ಪಿದ ವಿಷನ್ ಝೀರೋ ನೀತಿ ಇದಕ್ಕೆ ನೈತಿಕ ಆಯಾಮವನ್ನು ಸೇರಿಸಿತು. ಮನುಷ್ಯ ತಪ್ಪು ಮಾಡುವವನು, ಆ ತಪ್ಪಿಗೆ ಪ್ರಾಣ ತೆರಬೇಕಾಗದಂತೆ ರಸ್ತೆಯನ್ನು ಕಟ್ಟುವ ಹೊಣೆ ಕಟ್ಟುವವರದು ಎನ್ನುವ ಈ ನೀತಿಯ ಪ್ರಕಾರ, ಎದುರುಬದುರು ಡಿಕ್ಕಿ ಸಾಧ್ಯವಿರುವಲ್ಲಿ ವೇಗ 70 ಕಿ.ಮೀ. ಮೀರಬಾರದು, ಅದಕ್ಕಿಂತ ಹೆಚ್ಚಿನ ವೇಗ ಬೇಕೆಂದರೆ ಎರಡು ದಿಕ್ಕುಗಳ ನಡುವೆ ಭದ್ರವಾದ ತಡೆ ಇರಲೇಬೇಕು. ಭೋರ್ ಘಾಟಿನಲ್ಲಿ ವಿನ್ಯಾಸ ಪಂಥದ ದೊಡ್ಡ ಹೆಜ್ಜೆಗಳು ಎರಡು. ಎಕ್ಸ್‌ಪ್ರೆಸ್‌ವೇಯನ್ನು ಇಕ್ಕಟ್ಟಾಗಿಸಿ ಅಪಘಾತಗಳಿಗೆ ಎಡೆಮಾಡಿದ್ದ, 1830ರಷ್ಟು ಹಳೆಯದಾದ ಅಮೃತಾಂಜನ್ ಸೇತುವೆಯನ್ನು 2020ರ ಏಪ್ರಿಲಿನಲ್ಲಿ, ಲಾಕ್‌ಡೌನ್ ಕಾರಣ ಸಂಚಾರ ನಿಂತಿದ್ದ ಹೊತ್ತಿನಲ್ಲಿ ಕೆಡವಲಾಯಿತು. ಇನ್ನೊಂದು ಹೆಜ್ಜೆ, 2019ರಲ್ಲಿ ಕಾಮಗಾರಿ ಆರಂಭವಾದ ಮಿಸ್ಸಿಂಗ್ ಲಿಂಕ್ ಯೋಜನೆ. ಖೋಪೋಲಿ ಮತ್ತು ಕುಸ್‌ಗಾಂವ್ ನಡುವೆ ಎರಡು ಸುರಂಗಗಳನ್ನೂ ಕಣಿವೆಯ ಮೇಲೆ ಎತ್ತರದ ಸೇತುವೆಗಳನ್ನೂ ಕಟ್ಟಿ, ಸುಮಾರು 13 ಕಿ.ಮೀ. ಉದ್ದದ ಹೊಸ ಮಾರ್ಗದಿಂದ ಘಟ್ಟದ ತಿರುವುಗಳನ್ನು ತಪ್ಪಿಸಿ ಅಂತರವನ್ನು ಸುಮಾರು 6 ಕಿ.ಮೀ.ಯಷ್ಟು ಕುಗ್ಗಿಸುವುದು ಅದರ ಗುರಿ. ಇಟಲಿಯಲ್ಲಿ ಬೊಲೊನ್ಯ–ಫ್ಲಾರೆನ್ಸ್ ನಡುವೆ ಅಪೆನೈನ್ ಬೆಟ್ಟಗಳನ್ನು ದಾಟುವ 1960ರ ಮೋಟಾರು ಮಾರ್ಗಕ್ಕೆ 2015ರ ಡಿಸೆಂಬರಿನಲ್ಲಿ ಸುರಂಗಗಳ ಹೊಸ ದಾರಿ ತೆರೆದಾಗಲೂ ಇದೇ ತರ್ಕ ಕೆಲಸ ಮಾಡಿತ್ತು, ಮತ್ತು ಹಳೆಯ ದಾರಿಯನ್ನೂ ಉಳಿಸಿಕೊಂಡದ್ದರಿಂದ ಸಂಚಾರ ಹಂಚಿಹೋಯಿತು.

ಈ ಪಂಥಕ್ಕೂ ಒಂದು ಗಂಭೀರ ಸವಾಲಿದೆ. ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿಯೂ, ಮನೋವಿಜ್ಞಾನಿ ಜೆರಾಲ್ಡ್ ವೈಲ್ಡ್ ಮುಂದಿನ ದಶಕದಲ್ಲಿಯೂ ಮಂಡಿಸಿದಂತೆ, ಸುರಕ್ಷತೆ ಹೆಚ್ಚಿದಂತೆ ಚಾಲಕ ಅದನ್ನು ಇನ್ನಷ್ಟು ವೇಗದ ರೂಪದಲ್ಲಿ ಖರ್ಚು ಮಾಡುತ್ತಾನೆ. ವೈಲ್ಡ್ ಅವರು ಹೇಳಿದಷ್ಟು ಪೂರ್ಣವಾಗಿ ಇದು ನಡೆಯುತ್ತದೆ ಎಂಬುದನ್ನು ಹೆಚ್ಚಿನವರು ಒಪ್ಪುವುದಿಲ್ಲ. ಆದರೆ ನೇರವಾದ ರಸ್ತೆ ವೇಗವನ್ನು ಪ್ರಚೋದಿಸುತ್ತದೆ ಎಂಬಷ್ಟನ್ನು ವಿನ್ಯಾಸ ಪಂಥವೂ ಅಲ್ಲಗಳೆಯಲಾರದು.

ನಾಲ್ಕನೆಯ ಪಂಥ: ಕಣ್ಗಾವಲು

ಎಷ್ಟು ದೊಡ್ಡ ದಂಡ ಎಂಬುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಎಂಬುದೇ ಚಾಲಕನನ್ನು ತಿದ್ದುತ್ತದೆ ಎಂಬುದು ಜಾರಿ ಪಂಥದ ಮೂಲತತ್ವ. ಘಟ್ಟದ ಮಟ್ಟಿಗೆ ಇದರ ಹಳೆಯ ಸಾಕ್ಷ್ಯ ಜರ್ಮನಿಯ ಕೊಲೋನ್–ಫ್ರಾಂಕ್‌ಫರ್ಟ್ ಆಟೊಬಾನ್‌ನ ಎಲ್ಟ್ಸರ್ ಬೆರ್ಗ್. ಸಾಮಾನ್ಯ ವೇಗಮಿತಿಯೇ ಇಲ್ಲದ ಆಟೊಬಾನ್ ಜಾಲದಲ್ಲಿ ಈ ಉದ್ದನೆಯ ಇಳಿಜಾರು ಅಪಘಾತಗಳಿಗೆ ಕುಖ್ಯಾತವಾಗಿತ್ತು. 1970ರ ದಶಕದ ಆರಂಭದಲ್ಲಿ ಅಲ್ಲಿ ಕಾರುಗಳಿಗೆ 100 ಕಿ.ಮೀ., ಲಾರಿಗಳಿಗೆ ಅದಕ್ಕಿಂತ ಕಡಿಮೆ ಮಿತಿ ವಿಧಿಸಿ, ಬೆನ್ನಲ್ಲೇ ಸ್ವಯಂಚಾಲಿತ ರಾಡಾರ್ ಕ್ಯಾಮೆರಾಗಳನ್ನು ಅಳವಡಿಸಿದಾಗ ಅಪಘಾತಗಳು ತೀವ್ರವಾಗಿ ಇಳಿದವು. ಬರಿಯ ಫಲಕ ಸ್ವಲ್ಪ ಕೆಲಸ ಮಾಡಿತು, ಫಲಕದ ಜೊತೆ ಕ್ಯಾಮೆರಾ ಸೇರಿದಾಗ ಬಹಳ ಕೆಲಸ ಮಾಡಿತು ಎಂಬುದು ಲಾಮ್ ಮತ್ತು ಅವರ ಸಹೋದ್ಯೋಗಿ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ.

ಒಂದೇ ಬಿಂದುವಿನಲ್ಲಿ ವೇಗ ಅಳೆಯುವ ಕ್ಯಾಮೆರಾಕ್ಕೆ ಮಾತ್ರ ಒಂದು ದೋಷವಿದೆ. ಚಾಲಕ ಕ್ಯಾಮೆರಾ ಕಂಡೊಡನೆ ಬ್ರೇಕು ಒತ್ತಿ, ದಾಟಿದೊಡನೆ ವೇಗ ಏರಿಸುತ್ತಾನೆ. ಇಳಿಜಾರಿನಲ್ಲಿ ಈ ಏಕಾಏಕಿ ಬ್ರೇಕು ಹಿಂದಿನವನಿಗೆ ಹೊಸ ಅಪಾಯ. ರಸ್ತೆಯ ಮೇಲೆ ಕ್ಯಾಮೆರಾ ಹೊತ್ತು ನಿಂತ ಎರಡು ಕಮಾನುಗಳ ನಡುವಣ ದೂರವನ್ನು ವಾಹನ ಎಷ್ಟು ಸಮಯದಲ್ಲಿ ಕ್ರಮಿಸಿತು ಎಂಬುದರಿಂದ ಸರಾಸರಿ ವೇಗ ತೆಗೆಯುವ ಪದ್ಧತಿ ಇದಕ್ಕೆ ಪರಿಹಾರವಾಗಿ ಬಂದಿತು. ಇಟಲಿ 2005ರ ಕೊನೆಯಿಂದ ಟ್ಯೂಟರ್ ಎಂಬ ಹೆಸರಿನಲ್ಲಿ ಇದನ್ನು ತನ್ನ ಮೋಟಾರು ಮಾರ್ಗಗಳಲ್ಲಿ ಬಳಸುತ್ತಿದೆ. ಭಾರತದಲ್ಲಿ 2019ರ ತಿದ್ದುಪಡಿ ವಿದ್ಯುನ್ಮಾನ ಕಣ್ಗಾವಲಿಗೆ ಕಾಯ್ದೆಯಲ್ಲಿಯೇ ಸ್ಥಾನ ಕೊಟ್ಟಿತು. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ 2024ರ ಜುಲೈಯಿಂದ ಕಮಾನುಗಳ ಮೇಲಿನ ಕ್ಯಾಮೆರಾಗಳು ವೇಗವನ್ನೂ ಲೇನ್ ಶಿಸ್ತನ್ನೂ ಗಮನಿಸಿ ಇ-ಚಲನ್ ಕಳಿಸುವ ವ್ಯವಸ್ಥೆ ಜಾರಿಗೆ ಬಂದಿತು. ಈ ಪಂಥ ಎದುರಿಸುವ ಆಕ್ಷೇಪವೆಂದರೆ, ಮಿತಿ ಅವೈಜ್ಞಾನಿಕವಾಗಿದೆ ಎಂದು ಚಾಲಕರಿಗೆ ಅನ್ನಿಸಿದ ಕಡೆ ದಂಡ ವಸೂಲಿ ಸುರಕ್ಷತೆಯ ಸಾಧನವಾಗಿ ಉಳಿಯದೆ ಸುಲಿಗೆಯಂತೆ ಕಾಣತೊಡಗುತ್ತದೆ ಮತ್ತು ಕಾನೂನಿನ ಮೇಲಿನ ಗೌರವವೇ ಸವೆಯುತ್ತದೆ ಎಂಬುದು.

ಇಳಿಯುವ ಲಾರಿ: ಶಾಖದ ಲೆಕ್ಕ

ಮೇಲಿನ ನಾಲ್ಕೂ ಪಂಥಗಳು ಅಷ್ಟಾಗಿ ಕಣ್ಣುಹಾಯಿಸದ ಒಂದು ಸಂಗತಿ ಘಟ್ಟದಲ್ಲಿ ಎಲ್ಲಕ್ಕಿಂತ ಮುಖ್ಯವಾಗುತ್ತದೆ. ಬಯಲಿನಲ್ಲಿ ಬ್ರೇಕಿನ ಕೆಲಸ ವಾಹನದ ಚಲನಶಕ್ತಿಯನ್ನು ಶಾಖವಾಗಿ ಪರಿವರ್ತಿಸುವುದಷ್ಟೇ. ಇಳಿಜಾರಿನಲ್ಲಿ ಎತ್ತರದಿಂದ ಇಳಿದಂತೆಲ್ಲ ಬಿಡುಗಡೆಯಾಗುವ ಶಕ್ತಿಯನ್ನೂ ಅದು ಸತತವಾಗಿ ನುಂಗಬೇಕು. 40 ಟನ್ ತೂಕದ ಟ್ರೈಲರ್ 500 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 54 ಯೂನಿಟ್ ವಿದ್ಯುತ್ತಿಗೆ ಸಮ. ಅದೇ ಟ್ರೈಲರನ್ನು ಸಮತಟ್ಟಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸುವುದಕ್ಕೆ ಹೋಲಿಸಿದರೆ ಇದು 35 ಪಟ್ಟು. ಗಾಳಿಯ ಮತ್ತು ಟೈರಿನ ಪ್ರತಿರೋಧ ಇದರಲ್ಲಿ ಒಂದು ಪಾಲನ್ನು ಹೊತ್ತರೂ, ಎಂಜಿನ್ ನೆರವಿಲ್ಲದೆ ಉಳಿದದ್ದನ್ನೆಲ್ಲ ಬ್ರೇಕಿನ ಡ್ರಮ್ಮುಗಳೇ ಹೊರಬೇಕಾದಾಗ ಅವು ಕಾದು ಹಿಗ್ಗುತ್ತವೆ, ಲೈನರ್ ತನ್ನ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲದಾಗುತ್ತದೆ. ಅಪಘಾತದ ವರದಿಗಳಲ್ಲಿ ಬ್ರೇಕ್ ಫೇಲ್ ಎಂದು ಕಾಣುವ ಘಟನೆಗಳಲ್ಲಿ ಎಷ್ಟೋ ಇಂಥವು. ಘಟ್ಟದ ನೆತ್ತಿಯಲ್ಲಿ ಬ್ರೇಕುಗಳು ಸರಿಯಾಗಿಯೇ ಕೆಲಸ ಮಾಡಿರುತ್ತವೆ, ತಳ ಮುಟ್ಟುವಷ್ಟರಲ್ಲಿ ಸೋತಿರುತ್ತವೆ.

ಇಳಿತದ ಒಟ್ಟು ಶಕ್ತಿ ವೇಗದ ಮೇಲೆ ಅವಲಂಬಿಸಿಲ್ಲ. ಆದರೆ ಅದನ್ನು ಹೊರಹಾಕಲು ಸಿಗುವ ಸಮಯ ಅವಲಂಬಿಸಿದೆ. ಹನ್ನೆರಡು ಕಿಲೋಮೀಟರಿನ ಇಳಿಜಾರನ್ನು 60 ಕಿ.ಮೀ. ವೇಗದಲ್ಲಿ 12 ನಿಮಿಷಗಳಲ್ಲಿ ಮುಗಿಸುವ ಲಾರಿ, 40 ಕಿ.ಮೀ. ವೇಗದಲ್ಲಿ 18 ನಿಮಿಷ ತೆಗೆದುಕೊಳ್ಳುತ್ತದೆ, ಮತ್ತು ಆ ಹೆಚ್ಚಿನ ಆರು ನಿಮಿಷ ಡ್ರಮ್ಮುಗಳು ತಣಿಯಲು ಸಿಗುವ ಬಿಡುವು. ಇಳಿಯಲು ಆರಂಭಿಸುವ ಮೊದಲೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ತಡೆಯ ಮೇಲೆ ಇಳಿಯುವುದು, ಎಕ್ಸಾಸ್ಟ್ ಬ್ರೇಕನ್ನು ಬಳಸುವುದು ಹಳೆಯ ಚಾಲಕರಿಗೆ ಗೊತ್ತಿರುವ ಪಾಠವೇ. ಡೀಸೆಲ್ ಉಳಿಸಲೆಂದು ಗೇರನ್ನು ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಇಳಿಜಾರಿಗೆ ಬಿಡುವ ರೂಢಿ ಈ ಪಾಠವನ್ನು ತಲೆಕೆಳಗು ಮಾಡುತ್ತದೆ. ಪುಣೆಯ ಹೊರವಲಯದಲ್ಲಿ, ಬೆಂಗಳೂರು ಹೆದ್ದಾರಿ ಕಾತ್ರಜ್‌ನ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯುವಲ್ಲಿ 2022ರ ನವೆಂಬರಿನಲ್ಲಿ ಹತೋಟಿ ತಪ್ಪಿದ ಒಂದೇ ಲಾರಿಯಿಂದ ಹತ್ತಾರು ವಾಹನಗಳು ಜಖಂಗೊಂಡಾಗ ಈ ರೂಢಿ ಸಾರ್ವಜನಿಕ ಚರ್ಚೆಗೆ ಬಂದಿತು.

ಅಮೆರಿಕದ ಹೆದ್ದಾರಿ ಆಡಳಿತ 1980ರ ದಶಕದಲ್ಲಿ ಈ ಶಾಖದ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡು ಇಳಿಜಾರಿನ ತೀವ್ರತೆಯನ್ನು ಅಳೆಯುವ ಪದ್ಧತಿಯೊಂದನ್ನು ರೂಪಿಸಿತು. ಇಳಿಜಾರಿನ ಕಡಿದು, ಉದ್ದ ಮತ್ತು ಲಾರಿಯ ತೂಕ ಇವುಗಳಿಂದ ಬ್ರೇಕು ತಲುಪುವ ತಾಪಮಾನವನ್ನು ಅಂದಾಜು ಮಾಡಿ, ಪ್ರತಿ ತೂಕಕ್ಕೂ ಬೇರೆ ಬೇರೆ ಸುರಕ್ಷಿತ ವೇಗವನ್ನು ಫಲಕದಲ್ಲಿ ತೋರಿಸುವುದು ಅದರ ಕ್ರಮ. ಕೊಲೊರಾಡೊದಲ್ಲಿ ರಾಕಿ ಪರ್ವತಗಳನ್ನು ದಾಟುವ ಐ-70 ಹೆದ್ದಾರಿಯಲ್ಲಿ ಇದರ ಜೊತೆಗೆ ಜಲ್ಲಿಕಲ್ಲು ತುಂಬಿದ ಏರು ಕವಲುಗಳಿವೆ; ಹತೋಟಿ ತಪ್ಪಿದ ಲಾರಿ ಅದರೊಳಗೆ ನುಗ್ಗಿ ಹೂತುಕೊಂಡು ನಿಲ್ಲುತ್ತದೆ. ಭೋರ್ ಘಾಟಿನ ರೈಲ್ವೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡುಕೊಂಡ ತತ್ವವೂ ಇದೇ.

ಅಂಕಿಗಳು ಹೇಳುವುದು, ಹೇಳದಿರುವುದು

ಸೇವ್‌ಲೈಫ್ ಫೌಂಡೇಶನ್, ರಸ್ತೆ ಅಭಿವೃದ್ಧಿ ನಿಗಮ, ಹೆದ್ದಾರಿ ಪೊಲೀಸರು ಮತ್ತು ಮಹೀಂದ್ರಾ ಸಂಸ್ಥೆ ಸೇರಿ 2016ರಲ್ಲಿ ಈ ಎಕ್ಸ್‌ಪ್ರೆಸ್‌ವೇಯಲ್ಲಿ ಶೂನ್ಯ ಸಾವಿನ ಕಾರಿಡಾರ್ ಎಂಬ ಯೋಜನೆಯನ್ನು ಕೈಗೊಂಡವು. ತಡೆಗೋಡೆಗಳ ತುದಿಗಳನ್ನು ಸರಿಪಡಿಸುವುದು, ನಿಂತ ಲಾರಿಗಳನ್ನು ತೆರವು ಮಾಡುವುದು, ಗಸ್ತು ಮತ್ತು ವೇಗ ತಪಾಸಣೆಯನ್ನು ಹೆಚ್ಚಿಸುವುದು, ಗಾಯಾಳುಗಳನ್ನು ಬೇಗ ಆಸ್ಪತ್ರೆಗೆ ಸಾಗಿಸುವುದು ಹೀಗೆ ಎಲ್ಲ ಪಂಥಗಳ ಕ್ರಮಗಳನ್ನೂ ಒಟ್ಟಿಗೆ ಅನುಸರಿಸಿದ ಯೋಜನೆ ಅದು. 2016ರಲ್ಲಿ 151 ಇದ್ದ ಸಾವುಗಳು 2020ರಲ್ಲಿ 66ಕ್ಕೆ ಇಳಿದವು. 2020 ಲಾಕ್‌ಡೌನಿನ ವರ್ಷವಾದ್ದರಿಂದ ಆ ಅಂಕಿಯನ್ನು ಪೂರ್ತಿಯಾಗಿ ಯೋಜನೆಯ ಲೆಕ್ಕಕ್ಕೆ ಬರೆಯಲಾಗದು. ಆದರೆ ಇಳಿಕೆ ಅದಕ್ಕೂ ಮೊದಲೇ ಆರಂಭವಾಗಿತ್ತು. ಮುಂದಿನ ವರ್ಷಗಳಲ್ಲಿ ಅಂಕಿ ಮತ್ತೆ ಏರಿಳಿಯಿತಾದರೂ 2016ರ ಮಟ್ಟಕ್ಕೆ ಮರಳಲಿಲ್ಲ. ಒಂದೇ ಕ್ರಮವನ್ನು ನೆಚ್ಚಿಕೊಳ್ಳದೆ ಹಲವನ್ನು ಏಕಕಾಲಕ್ಕೆ ಕೈಗೊಂಡರೆ ಸಾವು ತಗ್ಗುತ್ತದೆ ಎಂಬುದಕ್ಕೆ ಇದು ಗಟ್ಟಿಯಾದ ಆಧಾರ. ಹಾಗೆ ಕೈಗೊಂಡದ್ದರಿಂದಲೇ ಯಾವ ಕ್ರಮ ಎಷ್ಟು ಜೀವ ಉಳಿಸಿತು ಎಂಬುದು ಅಂಕಿಗಳಲ್ಲಿ ಬೇರೆಯಾಗಿ ಕಾಣುವುದಿಲ್ಲ ಎಂಬುದೂ ಅಷ್ಟೇ ನಿಜ.

ಇತ್ಯರ್ಥವಾಗದೆ ಉಳಿದವು

ಇಷ್ಟರಿಂದ ಕೆಲವು ಮಾತುಗಳನ್ನು ಧೈರ್ಯವಾಗಿ ಹೇಳಬಹುದು. ವೇಗ ಹೆಚ್ಚಿದಂತೆ ಸಾವು ಹೆಚ್ಚುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಬರಿಯ ಫಲಕದಿಂದ ವೇಗ ಸಾಕಷ್ಟು ಇಳಿಯುವುದಿಲ್ಲ ಎಂಬುದರಲ್ಲಿಯೂ ಸಂಶಯವಿಲ್ಲ. ಘಟ್ಟದಲ್ಲಿ ಏರುವ ದಿಕ್ಕಿನ ಸಮಸ್ಯೆ ವೇಗಗಳ ಅಂತರವಾದರೆ ಇಳಿಯುವ ದಿಕ್ಕಿನ ಸಮಸ್ಯೆ ತೂಕ ಮತ್ತು ಶಾಖ ಎಂಬುದೂ ಸ್ಪಷ್ಟ. ಆದ್ದರಿಂದ ಎರಡೂ ದಿಕ್ಕಿಗೆ, ಎಲ್ಲ ತೂಕಕ್ಕೆ ಒಂದೇ ಅಂಕಿಯನ್ನು ಬರೆದು ಮುಗಿಸುವ ಪದ್ಧತಿ ಘಟ್ಟದ ನಿಜಸ್ಥಿತಿಯನ್ನು ಕಾಣದ ಪದ್ಧತಿ.

ಇನ್ನೂ ತೀರ್ಮಾನವಾಗದ ಪ್ರಶ್ನೆಗಳು ನಾಲ್ಕು. ಮೊದಲನೆಯದು, ಲಾರಿ ಮತ್ತು ಕಾರುಗಳಿಗೆ ಬೇರೆ ಬೇರೆ ಮಿತಿ ಇಟ್ಟಾಗ ಇಳಿಜಾರಿನಲ್ಲಿ ಬ್ರೇಕಿಗೆ ಸಿಗುವ ಲಾಭ, ವೇಗಗಳ ಅಂತರದಿಂದ ಆಗುವ ನಷ್ಟವನ್ನು ಮೀರಿಸುತ್ತದೆಯೇ ಎಂಬುದು. ಸ್ಕಾಟ್ಲೆಂಡಿನ ಅನುಭವವನ್ನಾಗಲಿ ಜರ್ಮನಿಯ ಅನುಭವವನ್ನಾಗಲಿ, ತೂಕ ಮೀರಿ ತುಂಬುವ ಹಳೆಯ ಲಾರಿಗಳೂ ಓಡಾಡುವ ಭಾರತದ ರಸ್ತೆಗೆ ನೇರವಾಗಿ ತಂದು ಕೂರಿಸಲಾಗದು. ಎರಡನೆಯದು, ತೂಕಕ್ಕೆ ತಕ್ಕ ವೇಗವನ್ನು ಫಲಕದ ಸಲಹೆಯಾಗಿ ಬಿಡಬೇಕೋ, ಘಟ್ಟದ ನೆತ್ತಿಯಲ್ಲಿ ತೂಕ ಮತ್ತು ಬ್ರೇಕುಗಳನ್ನು ಕಡ್ಡಾಯವಾಗಿ ಪರೀಕ್ಷಿಸಿ ಕಾನೂನಾಗಿ ಜಾರಿಮಾಡಬೇಕೋ ಎಂಬುದು. ಪ್ರತಿ ಲಾರಿಯನ್ನೂ ನಿಲ್ಲಿಸಿದರೆ ಸಂಚಾರವೇ ನಿಲ್ಲುತ್ತದೆ, ನಿಲ್ಲಿಸದಿದ್ದರೆ ಹತೋಟಿಯ ಖಾತ್ರಿ ಇರುವುದಿಲ್ಲ. ಮೂರನೆಯದು, ಸುರಂಗದ ಹೊಸ ಮಾರ್ಗಗಳು ಘಟ್ಟದ ಅಪಾಯವನ್ನು ನಿವಾರಿಸುತ್ತವೆಯೋ, ಇಲ್ಲವೇ ಅದನ್ನು ಸುರಂಗದೊಳಗಿನ ವೇಗಕ್ಕೂ ಹಳೆಯ ರಸ್ತೆಯಲ್ಲಿ ಉಳಿಯುವ ವಾಹನಗಳಿಗೂ ಸ್ಥಳಾಂತರಿಸುತ್ತವೆಯೋ ಎಂಬುದು. ಬೆಂಗಳೂರು–ಮಂಗಳೂರು ಹೆದ್ದಾರಿಯ ಶಿರಾಡಿ ಘಾಟಿಗೆ ಸುರಂಗ ಮಾರ್ಗದ ಪ್ರಸ್ತಾವಗಳು ಚರ್ಚೆಯಲ್ಲಿರುವ ಕರ್ನಾಟಕಕ್ಕೆ ಈ ಪ್ರಶ್ನೆ ನೇರವಾಗಿ ಸಂಬಂಧಿಸಿದ್ದು. ನಾಲ್ಕನೆಯದು, ಮಳೆ, ಮಂಜು ಮತ್ತು ದಟ್ಟಣೆಗೆ ತಕ್ಕಂತೆ ಗಳಿಗೆಗಳಿಗೆಗೆ ಬದಲಾಗುವ ಮಿತಿಯನ್ನು ತೋರಿಸುವುದು ತಾಂತ್ರಿಕವಾಗಿ ಸಾಧ್ಯವಾದರೂ, ಹಾಗೆ ಬದಲಾದ ಮಿತಿಯನ್ನು ಮೀರಿದವನಿಗೆ ದಂಡ ವಿಧಿಸಿದಾಗ ಆ ಕ್ಷಣದ ಮಿತಿ ಅವನಿಗೆ ತಿಳಿದಿತ್ತು ಎಂದು ಸಾಬೀತುಪಡಿಸುವುದು ಹೇಗೆ ಎಂಬುದು.

ಈ ನಾಲ್ಕಕ್ಕೂ ಉತ್ತರ ಬೇಕಾದರೆ ಮೊದಲು ಬೇಕಾದದ್ದು ಪ್ರತಿ ಅಪಘಾತದ ತನಿಖೆಯ ಗುಣಮಟ್ಟ. ವಾಹನದ ತೂಕ, ಅದು ಇಳಿಯುತ್ತಿದ್ದ ಗೇರು, ಬ್ರೇಕಿನ ಸ್ಥಿತಿ, ಡಿಕ್ಕಿಯ ಕ್ಷಣದ ವೇಗ, ಚಾಲಕ ಎಷ್ಟು ಹೊತ್ತಿನಿಂದ ಚಕ್ರದ ಹಿಂದೆ ಕುಳಿತಿದ್ದ ಎಂಬ ವಿವರಗಳು ದಾಖಲಾಗುವವರೆಗೆ ಪಂಥಗಳ ವಾದ ಬಯಲಿನ ಅಂಕಿಗಳ ಮೇಲೆಯೇ ನಡೆಯುತ್ತಿರುತ್ತದೆ, ಮತ್ತು ಘಟ್ಟದ ಮಿತಿಯನ್ನು ಗೊತ್ತುಮಾಡುವವರು ಅಳತೆಯ ಬದಲು ಅಂದಾಜನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.